ಮುಳ್ಳು ಕೆಂಪಿಗೇರಿದರೆ ಕಾರು ನಿಲ್ಲಿಸಿ

ಚೌತಿಗೆ ಮುಂಬಯಿಯಿಂದ ಕಾರಿನಲ್ಲಿ ಊರಿಗೆ ಹೊರಡುವ ಬಂಧುಗಳಿಗೆ ಅನುಭವದ ಒಂದು ಮಾತು.

2009ರಲ್ಲಿ ಕಶೇಡಿ ಘಾಟಿ ಏರುವಾಗ ನನ್ನ ಹಳೆಯ ಕಾರಿನ ಉಷ್ಣತೆಯ ಮುಳ್ಳು ಕೆಂಪಿಗೇರಿತು. ಹೇಗೂ ಖೇಡ್ ಮುಟ್ಟೋಣವೆಂದು ಓಡಿಸಿದೆ. ಹಿಂದಿನಿಂದ ಬಿಳಿ ಹೊಗೆ, ಆಯಿಲ್ ಮುಚ್ಚಳದಡಿ ಹಾಲು ಬೆರೆತ ಚಹಾದ ಬಣ್ಣ! ಸಿಲಿಂಡರ್ ಹೆಡ್ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಹೋಗಿ, ನೀರು ಆಯಿಲ್‌ಗೆ ಸೇರಿತ್ತು.

ಗ್ಯಾಸ್ಕೆಟಿನ ಬೆಲೆ ಅಲ್ಪ, ಕೆಲಸವೇ ದೊಡ್ಡದು. ಹೆಡ್ ಬಿಚ್ಚಿ, ಸೊಟ್ಟಗಾದ ತಳವನ್ನು ಸಮ ಮಾಡಿಸಿ, ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ನಡುವಿನಿಂದ ಹೊರಕ್ಕೆ ಹಂತಹಂತವಾಗಿ ಬಿಗಿಯಬೇಕು. ಮೂರು ದಿನ ಹಿಡಿಯಿತು.

ಊರು ಮುಟ್ಟುವಾಗ ಗಣಪತಿ ವಿಸರ್ಜನೆ ಮುಗಿದಿತ್ತು. ತಾಯಿ ಕಡುಬು ಎತ್ತಿಟ್ಟು ಕಾದಿದ್ದರು. ಅದು ಅವರ ಕೊನೆಯ ಚೌತಿ.

ಮುಳ್ಳು ಏರಿದೊಡನೆ ನಿಲ್ಲಿಸಿ. ಇಂಜಿನ್ ತಣಿಯುವ ತನಕ ರೇಡಿಯೇಟರ್ ಮುಚ್ಚಳ ತೆರೆಯಬೇಡಿ, ತಣ್ಣೀರು ಸುರಿಯಬೇಡಿ. ಒಂದು ಗಂಟೆ ತಡವಾದರೂ ಹಬ್ಬ ಸಿಗುತ್ತದೆ.