ಲೆಕ್ಕ ಕಲಿಸುವವರ ಕಲಿಕೆ

ಮನೆಯ ಮಗುವು ಸಂಜೆ ಶಾಲೆಯಿಂದ ಬಂದು, "ಇನ್ನು ಮೂರು ನಾಲ್ಕು ತಿಂಗಳು ನಮಗೆ ಲೆಕ್ಕ ಹೇಳಿಕೊಡುವವರು ಬಿ.ಎಡ್. ಓದುತ್ತಿರುವ ಹೊಸ ಮಿಸ್ಸು" ಎಂದು ತಿಳಿಸಿದರೆ ತಾಯ್ತಂದೆಗಳ ಮನಸ್ಸು ಕೊಂಚ ಕಳವಳಗೊಳ್ಳುವುದು ಸಹಜವೇ ಸರಿ. ಇನ್ನೂ ಕಲಿಯುತ್ತಿರುವವರ ಕೈಗೆ ನಮ್ಮ ಮಗುವನ್ನು ಒಪ್ಪಿಸಿದರಲ್ಲಾ ಎಂದು ಕೆಲವರು ಗೊಣಗುವರು. ಮುಖ್ಯೋಪಾಧ್ಯಾಯರಲ್ಲಿಗೆ ಹೋಗಿ ಆಕ್ಷೇಪಿಸುವವರೂ ಉಂಟು. ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆ ಈ ಮಾತು ಪ್ರತಿವರ್ಷವೂ ನಮ್ಮ ಕಿವಿಗೆ ಬೀಳುತ್ತದೆ. ಜಯನಗರದಲ್ಲಿ ರಾಷ್ಟ್ರೀಯ ವಿದ್ಯಾಲಯದ ಟೀಚರ್ಸ್ ಕಾಲೇಜು, ವಿಜಯಾ ಟೀಚರ್ಸ್ ಕಾಲೇಜು ಮೊದಲಾದ ಅಧ್ಯಾಪಕ ಶಿಕ್ಷಣ ಸಂಸ್ಥೆಗಳು ಬಹುಕಾಲದಿಂದ ನೆಲೆಗೊಂಡಿರುವುದರಿಂದ, ಸುತ್ತಲಿನ ಪ್ರೌಢಶಾಲೆಗಳಿಗೆ ಶಿಕ್ಷಣಾರ್ಥಿಗಳು ಅಭ್ಯಾಸಕ್ಕಾಗಿ ಬರುವುದು ಇಲ್ಲಿ ನಿತ್ಯದ ಸಂಗತಿ. ಗಣಿತವನ್ನು ಕಲಿಸಲು ಕಲಿಯುತ್ತಿರುವ ಈ ತರುಣ ತರುಣಿಯರಿಗೆ ಯಾವುದು ಕಷ್ಟ, ಅದನ್ನು ಅವರು ಹೇಗೆ ದಾಟುತ್ತಾರೆ, ಅದರಲ್ಲಿ ಗೃಹಸ್ಥರಾದ ನಮ್ಮ ಪಾಲೇನು ಎಂಬ ಮೂರು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಈ ವ್ಯಾಸಂಗದ ಸ್ವರೂಪವನ್ನು ಅರಿಯುವುದು ಒಳ್ಳೆಯದು. ಹಿಂದೆ ಪದವೀಧರರು ಒಂದೇ ವರ್ಷ ಓದಿ ಬಿ.ಎಡ್. ಮುಗಿಸುತ್ತಿದ್ದರು. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು ೨೦೧೪ರಲ್ಲಿ ಮಾಡಿದ ನಿಯಮಗಳ ಫಲವಾಗಿ ೨೦೧೫ರಿಂದ ಅದು ಎರಡು ವರ್ಷದ ವ್ಯಾಸಂಗವಾಯಿತು. ಆ ಅವಧಿಯಲ್ಲಿ ಒಟ್ಟು ೨೦ ವಾರಗಳನ್ನು ಶಾಲೆಗಳಲ್ಲಿ ಕಳೆಯಬೇಕೆಂದೂ, ಅವುಗಳಲ್ಲಿ ೧೬ ವಾರಗಳು ಎರಡನೆಯ ವರ್ಷದಲ್ಲಿ ಬರಬೇಕೆಂದೂ ಆ ನಿಯಮಗಳು ವಿಧಿಸಿದುವು. ಮೈಸೂರಿನಲ್ಲಿ ೧೯೬೩ರಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಜ್ಞಾನವನ್ನೂ ಬೋಧನಕಲೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಪದ್ಧತಿಯನ್ನು ರೂಢಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅಂಥ ನಾಲ್ಕು ವರ್ಷದ ವ್ಯಾಸಂಗದ ಕಡೆಗೇ ಒಲಿದಿದೆ. ವೈದ್ಯನಾಗುವವನು ರೋಗಿಯ ಮಂಚದ ಬಳಿ ನಿಂತೇ ವೈದ್ಯವನ್ನು ಕಲಿಯಬೇಕಾದಂತೆ, ಉಪಾಧ್ಯಾಯನಾಗುವವನು ಮಕ್ಕಳ ಮುಂದೆ ನಿಂತೇ ಪಾಠವನ್ನು ಕಲಿಯಬೇಕು. ಆದುದರಿಂದ ಮಗುವಿನ ತರಗತಿಗೆ ಶಿಕ್ಷಣಾರ್ಥಿ ಬಂದದ್ದು ಶಾಲೆಯ ಉದಾಸೀನದಿಂದಲ್ಲ. ನಿಯಮವೇ ಹಾಗಿದೆ, ಮತ್ತು ಅದು ಯುಕ್ತವಾದ ನಿಯಮವೇ ಆಗಿದೆ.

"ಬಿ.ಎಸ್ಸಿ. ಗಣಿತ ಪಾಸುಮಾಡಿದವರಿಗೆ ಏಳನೆಯ ತರಗತಿಯ ಲೆಕ್ಕ ಯಾವ ಲೆಕ್ಕ?" ಎಂದು ವಾಚಕರು ಕೇಳಬಹುದು. ಕಷ್ಟವಿರುವುದು ಇಲ್ಲಿಯೇ. ಬಲ್ಲುದು ಬೇರೆ, ಬಲ್ಲುದನ್ನು ಇನ್ನೊಬ್ಬರ ಬುದ್ಧಿಗೆ ಮುಟ್ಟಿಸುವುದು ಬೇರೆ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಯಾರು ಮೇಲೆಂಬ ವಿವಾದ ಹುಟ್ಟುತ್ತದೆ. ಮಧ್ಯಸ್ಥಳಾದ ಪರಿವ್ರಾಜಿಕೆಯು, ವಿದ್ಯೆ ಕೆಲವರಲ್ಲಿ ಚೆನ್ನಾಗಿ ನೆಲೆಸಿರುತ್ತದೆ, ಕೆಲವರಿಗೆ ಅದನ್ನು ದಾಟಿಸುವ ಶಕ್ತಿ ವಿಶೇಷವಾಗಿರುತ್ತದೆ, ಎರಡೂ ಉಳ್ಳವನನ್ನೇ ಶಿಕ್ಷಕರಲ್ಲಿ ಅಗ್ರಗಣ್ಯನೆನ್ನಬೇಕು ಎಂಬ ಅಭಿಪ್ರಾಯವನ್ನು ಹೇಳುತ್ತಾಳೆ. ಅಮೆರಿಕದ ಶಿಕ್ಷಣತಜ್ಞರಾದ ಲೀ ಶುಲ್ಮನ್ ಎಂಬವರು ೧೯೮೬ರಲ್ಲಿ, ವಿಷಯದ ಜ್ಞಾನ ಒಂದು, ಆ ವಿಷಯವನ್ನು ಬೋಧಿಸುವುದಕ್ಕೆಂದೇ ಬೇಕಾದ ಜ್ಞಾನ ಮತ್ತೊಂದು ಎಂದು ವಿಂಗಡಿಸಿ ತೋರಿಸಿದರು. ಕವಿಯ ಮಾತಿಗೂ ತಜ್ಞರ ಮಾತಿಗೂ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ಹುರುಳು ಒಂದೇ.

ಒಂದು ಸಣ್ಣ ಲೆಕ್ಕದಿಂದ ಇದನ್ನು ಪರೀಕ್ಷಿಸಬಹುದು. ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಬೇಕು. ಭಾಜಕವನ್ನು ತಲೆಕೆಳಗು ಮಾಡಿ ಗುಣಿಸಿದರೆ ಮೂರೂವರೆ ಬರುತ್ತದೆಂದು ಪದವೀಧರನು ಕ್ಷಣಮಾತ್ರದಲ್ಲಿ ಹೇಳಿಬಿಡುವನು. "ಸಾರ್, ಭಾಗಿಸಿದ ಮೇಲೆ ಕಡಿಮೆಯಾಗಬೇಕಲ್ಲವೇ? ಹೆಚ್ಚಾದದ್ದು ಹೇಗೆ? ತಲೆಕೆಳಗು ಮಾಡುವುದು ಏಕೆ?" ಎಂದು ಮಗು ಕೇಳಿದರೆ ಅನೇಕರು ತಡವರಿಸುವರು. ನಿತ್ಯಜೀವನದ ಒಂದು ಉದಾಹರಣೆ ಕೊಡಿರೆಂದರೆ, ಒಂದೂಮುಕ್ಕಾಲು ಹೋಳಿಗೆಯನ್ನು ಇಬ್ಬರಿಗೆ ಸಮನಾಗಿ ಹಂಚುವ ಕಥೆಯನ್ನು ಹೇಳುವರು. ಅದು ಎರಡರಿಂದ ಭಾಗಿಸಿದ ಕಥೆಯೇ ಹೊರತು ಅರ್ಧದಿಂದ ಭಾಗಿಸಿದ ಕಥೆಯಲ್ಲ. "ಅರ್ಧ ಮಾಡು" ಎಂಬುದಕ್ಕೂ "ಅರ್ಧದಿಂದ ಭಾಗಿಸು" ಎಂಬುದಕ್ಕೂ ಮಾತಿನಲ್ಲಿ ಕೂದಲೆಳೆಯ ಭೇದ, ಲೆಕ್ಕದಲ್ಲಿ ಅಜಗಜಾಂತರ. ಸರಿಯಾದ ಉದಾಹರಣೆ ನಮ್ಮ ಅಡಿಗೆಮನೆಯಲ್ಲೇ ಇದೆ. ಒಂದೂಮುಕ್ಕಾಲು ಲೀಟರು ಹಾಲಿದೆ. ಅರ್ಧ ಲೀಟರು ಹಿಡಿಯುವ ಪಾತ್ರೆಗಳಿಗೆ ಅದನ್ನು ತುಂಬಿದರೆ ಎಷ್ಟು ಪಾತ್ರೆಯಾದೀತು? ಮೂರು ಪಾತ್ರೆ ತುಂಬಿ ನಾಲ್ಕನೆಯದು ಅರೆಯಾಗುವುದು. ಪ್ರತಿಯೊಂದು ಲೀಟರಿಗೂ ಎರಡು ಪಾತ್ರೆಯಾದುದರಿಂದ ಎರಡರಿಂದ ಗುಣಿಸಬೇಕಾಯಿತು. ತಲೆಕೆಳಗು ಮಾಡುವುದರ ರಹಸ್ಯವೆಲ್ಲ ಇಷ್ಟೇ.

ಈ ತೊಡಕು ನಮ್ಮ ನಾಡಿಗೆ ಮಾತ್ರ ಸೇರಿದುದಲ್ಲ. ಲಿಪಿಂಗ್ ಮಾ ಎಂಬ ವಿದುಷಿಯು ೧೯೯೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದೇ ಲೆಕ್ಕಕ್ಕೆ ಚೀನಾದ ೭೨ ಮಂದಿ, ಅಮೆರಿಕದ ೨೩ ಮಂದಿ ಉಪಾಧ್ಯಾಯರು ಕೊಟ್ಟ ಉತ್ತರಗಳನ್ನು ಹೋಲಿಸಿದ್ದಾರೆ. ಚೀನಾದವರೆಲ್ಲರ ಉತ್ತರವೂ ಸರಿಯಾಗಿತ್ತು. ಅಮೆರಿಕದವರಲ್ಲಿ ಅರ್ಧದಷ್ಟು ಮಂದಿಯೂ ಸರಿಯಾಗಿ ಮಾಡಲಿಲ್ಲ, ತಕ್ಕ ಉದಾಹರಣೆ ಕಟ್ಟಿದವರಂತೂ ಒಬ್ಬರೇ. ವಿಚಿತ್ರವೇನೆಂದರೆ, ಶಾಲೆ ಕಾಲೇಜುಗಳಲ್ಲಿ ಹೆಚ್ಚು ವರ್ಷ ಓದಿದವರು ಅಮೆರಿಕದವರೇ. ಮೇಲೆ ಮೇಲೆ ಓದಿದ ಮಾತ್ರಕ್ಕೆ ಬುಡ ಗಟ್ಟಿಯಾಗುವುದಿಲ್ಲವೆಂಬುದು ಇದರಿಂದ ತಿಳಿಯುವುದು. ಹೀಗಿರುವುದರಿಂದ ಶಿಕ್ಷಣಾರ್ಥಿಯ ಮೊದಲ ಪ್ರಯಾಸವು ಹೊಸದನ್ನು ಕಲಿಯುವುದಲ್ಲ. ತನಗೆ ಗೊತ್ತಿದೆಯೆಂದು ನಂಬಿದ್ದನ್ನೇ ಮರಳಿ ಮೊದಲಿನಿಂದ ಕಲಿಯುವುದು. ಕೈಗೆ ಅಭ್ಯಾಸವಾದುದನ್ನು ಬುದ್ಧಿಗೆ ತಂದುಕೊಳ್ಳುವ ಈ ಕೆಲಸ ಅಹಂಕಾರಕ್ಕೆ ಪೆಟ್ಟುಕೊಡತಕ್ಕದ್ದು. ಪದವಿಯಲ್ಲಿ ಮೊದಲ ದರ್ಜೆ ಪಡೆದವರೂ ಭಿನ್ನರಾಶಿಯ ಮುಂದೆ ತಲೆತಗ್ಗಿಸಿ ಕುಳಿತಿರುವುದನ್ನು ನಾವು ಕಂಡಿದ್ದೇವೆ.

ಎರಡನೆಯ ಪ್ರಯಾಸವು ಮಗುವಿನ ತಪ್ಪನ್ನು ಓದುವುದು. ೦.೩೫, ೦.೮ ಇವೆರಡರಲ್ಲಿ ಯಾವುದು ದೊಡ್ಡದೆಂದರೆ ಅನೇಕ ಮಕ್ಕಳು ಮೊದಲನೆಯದನ್ನು ತೋರಿಸುವರು. ಕೆಂಪು ಮಸಿಯಿಂದ ಗೀಟು ಎಳೆದುಬಿಡುವುದು ಸುಲಭ. ಆದರೆ ಆ ಮಗು ಮಂಕಾಗಿ ಉತ್ತರಿಸಿಲ್ಲ. ಎಂಟಕ್ಕಿಂತ ಮೂವತ್ತೈದು ದೊಡ್ಡದೆಂಬ, ಅಲ್ಲಿಯವರೆಗೆ ಎಂದೂ ಕೈಕೊಡದ ನ್ಯಾಯವನ್ನೇ ಹಿಡಿದು ನಡೆದಿದೆ. ಬಲ್ಲ ಉಪಾಧ್ಯಾಯನು, "ಇವೆರಡೂ ರೂಪಾಯಿಗಳಾದರೆ ಪೈಸೆಯಲ್ಲಿ ಎಷ್ಟೆಷ್ಟು?" ಎಂದು ಕೇಳುವನು. ಮೂವತ್ತೈದು ಪೈಸೆ, ಎಂಬತ್ತು ಪೈಸೆ ಎಂದು ಹೇಳಿದೊಡನೆ ಮಗುವೇ ತನ್ನ ಉತ್ತರವನ್ನು ತಿದ್ದಿಕೊಳ್ಳುವುದು. ತಪ್ಪಿನ ಹಿಂದೆ ಒಂದು ತರ್ಕವಿದೆಯೆಂದು ನಂಬಿ ಅದನ್ನು ಹುಡುಕುವ ತಾಳ್ಮೆ ಪುಸ್ತಕದಿಂದ ಬರುವುದಿಲ್ಲ. ನಲವತ್ತು ಮಕ್ಕಳ ನೋಟುಬುಕ್ಕುಗಳನ್ನು ರಾತ್ರಿ ಕುಳಿತು ನೋಡಿದವರಿಗೇ ಅದು ಬರುವುದು.

ಮೂರನೆಯದು ಭಾಷೆಯ ತೊಡಕು. ಇವರಲ್ಲಿ ಬಹುಮಂದಿ ಪದವಿಯಲ್ಲಿ ಗಣಿತವನ್ನು ಇಂಗ್ಲಿಷಿನಲ್ಲಿ ಓದಿದವರು. ಕನ್ನಡ ಮಾಧ್ಯಮದ ತರಗತಿಗೆ ಹೋದರೆ ಪಾರಿಭಾಷಿಕ ಪದಗಳು ನಾಲಗೆಗೆ ಒದಗುವುದಿಲ್ಲ. ಮಕ್ಕಳಲ್ಲಿಯೂ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಆಡುವವರು ಈ ಭಾಗದಲ್ಲಿ ಹಲವರಿದ್ದಾರೆ. ಹದಿನೇಳನ್ನು ಐದರಿಂದ ಭಾಗಿಸಿದಾಗ ಬರುವ ಮೂರನ್ನು ಕೆಳತರಗತಿಯಲ್ಲಿ "ಭಾಗಲಬ್ಧ" ಎಂದು ಕಲಿಸುತ್ತೇವೆ. ಮೇಲಿನ ತರಗತಿಯಲ್ಲಿ "ಭಾಗಲಬ್ಧ ಸಂಖ್ಯೆ" ಎಂದರೆ ಬೇರೆಯೇ ಅರ್ಥ. ಮಗು ದಿಕ್ಕುಗೆಟ್ಟರೆ ಆಶ್ಚರ್ಯವಿಲ್ಲ. ನಾವು ಸಂಸ್ಕೃತದ ಮೇಷ್ಟರಾಗಿದ್ದುದರಿಂದ, ಶಾಲೆಗೆ ಬರುತ್ತಿದ್ದ ಶಿಕ್ಷಣಾರ್ಥಿಗಳು ಇಂಥ ಪದಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬರುವುದಿತ್ತು. ಭಾಗದಿಂದ ಲಬ್ಧವಾದದ್ದು ಭಾಗಲಬ್ಧ. ಒಂದು ಪೂರ್ಣಾಂಕವನ್ನು ಸೊನ್ನೆಯಲ್ಲದ ಮತ್ತೊಂದು ಪೂರ್ಣಾಂಕದಿಂದ ಭಾಗಿಸಿ ಪಡೆಯಬಹುದಾದ ಸಂಖ್ಯೆ ಭಾಗಲಬ್ಧ ಸಂಖ್ಯೆ. ಹಾಗೆ ಎಂದಿಗೂ ದೊರೆಯದ, ಎರಡರ ವರ್ಗಮೂಲದಂಥದ್ದು ಅಭಾಗಲಬ್ಧ ಸಂಖ್ಯೆ. ಹೀಗೆ ಬಿಡಿಸಿ ಹೇಳಿದರೆ ಪದವೇ ಅರ್ಧ ಪಾಠವನ್ನು ಹೇಳಿಕೊಡುತ್ತದೆ.

ಇನ್ನು ಸೊನ್ನೆಯ ವಿಚಾರ. ಎಂಟನೆಯ ತರಗತಿಯಲ್ಲಿ ತರುಣಿಯೊಬ್ಬರು ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದುನಿಂತು, "ಮಿಸ್, ಸೊನ್ನೆಯಿಂದ ಭಾಗಿಸಿದರೆ ಎಷ್ಟು?" ಎಂದು ಕೇಳಿದಳು. ಹಿಂದಿನ ಬೆಂಚಿನಲ್ಲಿ ಕಾಲೇಜಿನ ಅಧ್ಯಾಪಕರು ವೀಕ್ಷಣೆಯ ಪುಸ್ತಕ ಹಿಡಿದು ಕುಳಿತಿದ್ದರು. ಬರೆದು ತಂದ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಎಡೆಯಿರಲಿಲ್ಲ. ಗಂಟೆ ಬಾರಿಸಲು ಹತ್ತೇ ನಿಮಿಷವಿತ್ತು. "ಅದು ಪಾಠದಲ್ಲಿಲ್ಲ, ಕುಳಿತುಕೋ" ಎಂದಿದ್ದರೆ ಎಲ್ಲವೂ ಸುಸೂತ್ರವಾಗಿ ಮುಗಿಯುತ್ತಿತ್ತು. ಅವರು ಕ್ಷಣಕಾಲ ಸುಮ್ಮನಿದ್ದು, "ಒಳ್ಳೆಯ ಪ್ರಶ್ನೆ. ನನಗೂ ಯೋಚಿಸಬೇಕು. ನಾಳೆ ಎಲ್ಲರೂ ಯೋಚಿಸಿಕೊಂಡು ಬರೋಣ" ಎಂದರು. ಅಂದಿನ ವೀಕ್ಷಣೆಯಲ್ಲಿ ವಿಷಯಜ್ಞಾನಕ್ಕೆ ಅಂಕ ಕಡಿಮೆ ಬಿತ್ತು.

ಮರುದಿನ ಅವರು ಹಲಗೆಯ ಮೇಲೆ, ಹನ್ನೆರಡನ್ನು ಮೂರರಿಂದ ಭಾಗಿಸಿದರೆ ನಾಲ್ಕು, ಏಕೆಂದರೆ ನಾಲ್ಕು ಮೂರಲ ಹನ್ನೆರಡು ಎಂದು ಬರೆದರು. "ಹಾಗಾದರೆ ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ ಹನ್ನೆರಡು ಬರುತ್ತದೆ?" ಎಂದು ಕೇಳಿದರು. ಮಕ್ಕಳು ಹನ್ನೆರಡೆಂದರು, ನೂರೆಂದರು, ಲಕ್ಷವೆಂದರು, ಯಾವುದೂ ಸಲ್ಲಲಿಲ್ಲ. "ಯಾವುದೂ ಇಲ್ಲ ಮಿಸ್!" ಎಂದು ಆ ಹುಡುಗಿಯೇ ಕೂಗಿದಳು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಹೊರಟರಂತೂ ಎಲ್ಲ ಸಂಖ್ಯೆಗಳೂ ಉತ್ತರವಾಗಿ ನಿಲ್ಲುವುದನ್ನು ಕಂಡು ತರಗತಿಯೆಲ್ಲ ನಕ್ಕಿತು. ಆದುದರಿಂದಲೇ ಗಣಿತಜ್ಞರು ಸೊನ್ನೆಯಿಂದ ಭಾಗಿಸುವುದನ್ನು ಅರ್ಥವಿಲ್ಲದ ಕ್ರಿಯೆಯೆಂದು ಬಿಟ್ಟಿದ್ದಾರೆ.

ಆ ತರುಣಿ ಒಂದು ದಿನ ಕೇಳಿಕೊಂಡದ್ದರಲ್ಲಿ ನಾಚಿಕೆಪಡತಕ್ಕದ್ದು ಏನಿದೆ? ಬ್ರಹ್ಮಗುಪ್ತನು ಕ್ರಿ.ಶ. ೬೨೮ರಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದನು. ಸುಮಾರು ೮೫೦ರಲ್ಲಿ, ನಮ್ಮ ನೃಪತುಂಗನ ಆಳ್ವಿಕೆಯಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು, ಭಿನ್ನರಾಶಿಯ ಭಾಗಾಕಾರಕ್ಕೆ ಭಾಜಕವನ್ನು ತಿರುಗಿಸಿ ಗುಣಿಸುವ ಇಂದಿನ ಸೂತ್ರವನ್ನೇ ಕೊಟ್ಟ ಮಹಾಪಂಡಿತ. ಅವನೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಮಾರ್ಪಡದೆ ಹಾಗೆಯೇ ಉಳಿಯುತ್ತದೆಂದನು. ೧೧೫೦ರಲ್ಲಿ ಭಾಸ್ಕರಾಚಾರ್ಯನು ಅದನ್ನು ಖಹರವೆಂಬ ಅನಂತರಾಶಿಯೆಂದನು. ಐದು ಶತಮಾನಗಳ ಕಾಲ ಮಹಾಮತಿಗಳೇ ಹೊಯ್ದಾಡಿದ ಪ್ರಶ್ನೆಗೆ ಇಪ್ಪತ್ತಮೂರು ವರ್ಷದ ತರುಣಿ ಒಂದು ರಾತ್ರಿ ಬೇಡಿದರೆ ಅದು ಅಜ್ಞಾನವಲ್ಲ, ವಿದ್ಯೆಯ ಮರ್ಯಾದೆ. ನಮ್ಮ ಮಟ್ಟಿಗೆ, ಉಪಾಧ್ಯಾಯವೃತ್ತಿಯ ಗೆಲುವು ಸೋಲುಗಳೆರಡೂ ಇರುವುದು ಅಂಥ ಕ್ಷಣದಲ್ಲಿಯೇ. "ಏಕೆ" ಎಂದ ಮಗುವನ್ನು ಕುಳ್ಳಿರಿಸಿಬಿಡುವ ಅಭ್ಯಾಸ ಮೊದಲ ಹದಿನಾರು ವಾರಗಳಲ್ಲಿ ಬಿದ್ದರೆ ಮುಂದೆ ಮೂವತ್ತು ವರ್ಷ ಅದು ಬಿಡದು.

ಈ ಒಳಗಿನ ಕಷ್ಟಗಳ ಮೇಲೆ ಹೊರಗಿನ ಕಷ್ಟಗಳೂ ಇವೆ. ಕನಕಪುರ ರಸ್ತೆಯ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬನಶಂಕರಿಯಲ್ಲಿ ಇಳಿಯುವವರುಂಟು. ಕೊಠಡಿಯ ಬಾಡಿಗೆಗಾಗಿ ಸಂಜೆ ಮನೆಪಾಠ ಹೇಳುವವರುಂಟು. ಪ್ರತಿಯೊಂದು ಪಾಠಕ್ಕೂ ಯೋಜನೆ ಬರೆಯಬೇಕು, ರಟ್ಟು ಕತ್ತರಿಸಿ ಉಪಕರಣ ಮಾಡಬೇಕು. ಸೂಕ್ಷ್ಮಬೋಧನೆಯೆಂಬ ಅಭ್ಯಾಸದಲ್ಲಿ ಸಹಪಾಠಿಗಳನ್ನೇ ಮಕ್ಕಳೆಂದು ಭಾವಿಸಿ ಕೆಲವೇ ನಿಮಿಷದ ಪಾಠ ಮಾಡಬೇಕು. ಅಲ್ಲಿ ಸಲೀಸಾಗಿ ನಡೆದುದು ನಿಜವಾದ ತರಗತಿಯ ಗದ್ದಲದಲ್ಲಿ ನಡೆಯದು. ಓದು ಮುಗಿದ ಮೇಲೂ, ೨೦೦೯ರ ಶಿಕ್ಷಣದ ಹಕ್ಕಿನ ಶಾಸನದ ತರುವಾಯ ಬಂದ ಅಧ್ಯಾಪಕ ಅರ್ಹತಾ ಪರೀಕ್ಷೆ ಎಂಟನೆಯ ತರಗತಿಯವರೆಗೆ ಕಲಿಸಬಯಸುವವರ ಮುಂದೆ ನಿಂತಿರುತ್ತದೆ.

ಗೃಹಸ್ಥರು ಮಾಡಬೇಕಾದುದೇನು? ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಗಣಿತ ಬೋಧನೆಯನ್ನು ಕುರಿತು ಸಿದ್ಧವಾದ ನಿಬಂಧವು, ಬಹುಸಂಖ್ಯೆಯ ಮಕ್ಕಳಲ್ಲಿ ಬೇರೂರಿದ ಭಯವನ್ನೂ ಅಧ್ಯಾಪಕರ ಸಿದ್ಧತೆಯ ಕೊರತೆಯನ್ನೂ ಮುಖ್ಯ ದೋಷಗಳೆಂದು ಎಣಿಸಿತು. ಎರಡನೆಯದನ್ನು ಕಾಲೇಜುಗಳು ನೋಡಿಕೊಳ್ಳಲಿ; ಮೊದಲನೆಯದರಲ್ಲಿ ಮನೆಗೂ ಪಾಲುಂಟು. "ಲೆಕ್ಕ ನಮ್ಮ ವಂಶಕ್ಕೇ ಬರುವುದಿಲ್ಲ" ಎಂಬ ಮಾತನ್ನು ಮಗುವಿನೆದುರು ಆಡಬೇಡಿ. ಸಂಜೆ ನೋಟುಬುಕ್ಕು ತೆರೆದಾಗ "ಉತ್ತರ ಎಷ್ಟು?" ಎಂಬುದರ ಜೊತೆಗೆ "ಹೇಗೆ ಬಂತು?" ಎಂದೂ ಕೇಳಿರಿ. ಹೊಸ ಉಪಾಧ್ಯಾಯರು "ನಾಳೆ ಹೇಳುತ್ತೇನೆ" ಎಂದರೆಂದು ಮಗು ದೂರಿದರೆ ನಗಬೇಡಿ. ನಾಳೆ ಹೇಳಿದರೇ ಎಂದು ಮಾತ್ರ ವಿಚಾರಿಸಿರಿ. ಹೇಳಿದ್ದರೆ, ಆ ಮಾತನ್ನು ಮುಖ್ಯೋಪಾಧ್ಯಾಯರ ಕಿವಿಗೂ ಹಾಕಿರಿ. ಆಕ್ಷೇಪಣೆಗಳು ಅವರಿಗೆ ಬೇಕಾದಷ್ಟು ತಲಪುತ್ತವೆ; ಮೆಚ್ಚುಗೆ ತಲಪುವುದು ಅಪರೂಪ, ಮತ್ತು ಕಲಿಯುತ್ತಿರುವವರಿಗೆ ಅದು ಅಂಕಗಳಿಗಿಂತ ಹೆಚ್ಚು ದಿನ ನೆನಪಿರುವುದು.