ಈಜುಗಾರ ನಕಾಶ್

ಅಲ್ಜೀರಿಯಾದ ಕಾನ್‌ಸ್ಟಂಟೀನ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ 1915ರಲ್ಲಿ ಜನಿಸಿ, ಬಾಲ್ಯದಲ್ಲಿ ನೀರೆಂದರೆ ಅಂಜುತ್ತಿದ್ದ ಆಲ್‌ಫ್ರೆಡ್ ನಕಾಶನು, 1941ರಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಈಜಿನಲ್ಲಿ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಆದರೆ ಯೆಹೂದ್ಯನೆಂಬ ಒಂದೇ ಕಾರಣದಿಂದ ಫ್ರಾನ್ಸಿನ ಸ್ಪರ್ಧೆಗಳಿಂದ ಬಹಿಷ್ಕೃತನಾಗಿ, 1943ರ ಡಿಸೆಂಬರಿನಲ್ಲಿ ತುಲೂಸಿನಲ್ಲಿ ಬಂಧಿತನಾಗಿ, ಮರುತಿಂಗಳು ಪತ್ನಿ ಪೋಲ್ ಹಾಗೂ ಎಳೆಯ ಮಗಳು ಆನಿಯೊಡನೆ ನಾಜಿಗಳ ಸೆರೆಶಿಬಿರವಾದ ಆಶ್‌ವಿಟ್ಸ್‌ಗೆ ಸಾಗಿಸಲ್ಪಟ್ಟನು. ತಾಯಿ, ಮಗು ಇಬ್ಬರೂ ಅಲ್ಲಿಯೇ ಹತರಾದರು.

ಬೆಂಕಿ ನಂದಿಸಲೆಂದು ನೀರು ತುಂಬಿಟ್ಟಿದ್ದ ಹೊಂಡಕ್ಕೆ ಕಠಾರಿಯನ್ನೆಸೆದು, ಮುಳುಗಿ ಅದನ್ನು ಹಲ್ಲಿನಿಂದ ಕಚ್ಚಿ ತರುವಂತೆ ಕಾವಲುಗಾರರು ಆತನಿಗೆ ಆಜ್ಞಾಪಿಸುತ್ತಿದ್ದರಂತೆ. ಅದೇ ಹೊಂಡದಲ್ಲಿ, ಅವರ ಕಣ್ಣು ತಪ್ಪಿಸಿ, ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರವೆಂದು ಬಲ್ಲವನಾಗಿಯೂ, ಕೇವಲ ತನ್ನ ಆನಂದಕ್ಕಾಗಿ ಆತನು ಈಜಿದುದುಂಟು. ದಾಖಲೆಗಳೆಲ್ಲಕ್ಕಿಂತ ಈ ಕಳ್ಳ ಈಜೇ ನನಗೆ ಹಿರಿದಾಗಿ ತೋರುತ್ತದೆ.

1945ರಲ್ಲಿ ಬೂಖೆನ್‌ವಾಲ್ಡ್ ಶಿಬಿರದಿಂದ ಬಿಡುಗಡೆ ಹೊಂದಿದಾಗ ಎಲುಬಿನ ಹಂದರವಾಗಿದ್ದ ಅದೇ ಮನುಷ್ಯನು, ಮರುವರ್ಷವೇ ರಿಲೇ ಈಜಿನಲ್ಲಿ ವಿಶ್ವದಾಖಲೆ ಬರೆದ ಫ್ರೆಂಚ್ ತಂಡದಲ್ಲಿದ್ದನು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ, ಹಿಟ್ಲರನ ರಾಜಧಾನಿಯಲ್ಲಿಯೇ, ಜರ್ಮನಿಯ ರಿಲೇ ತಂಡವನ್ನು ಹಿಂದಿಕ್ಕಿ ನಾಲ್ಕನೆಯ ಸ್ಥಾನ ಗಳಿಸಿದ ತಂಡದಲ್ಲಿ ಈಜಿದ್ದ ಆತನು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ತನ್ನ 200 ಮೀಟರ್ ಬ್ರೆಸ್ಟ್‌ಸ್ಟ್ರೋಕಿನ ಉಪಾಂತ್ಯದವರೆಗೂ ಮುನ್ನಡೆದನು.