ಓವರ್‌ಈಟರ್ಸ್ ಅನಾನಿಮಸ್ ಸಭೆಗೆ ವಿದ್ಯಾರ್ಥಿಯಾಗಿ ಹೋಗುವ ಮುನ್ನ

ಅಮೆರಿಕದಲ್ಲಿ ನರ್ಸಿಂಗ್, ಸಮಾಜಕಾರ್ಯ ಓದುವವರಿಗೆ ಸಿಗುವ ಅಸೈನ್‌ಮೆಂಟ್‌ಗಳಲ್ಲಿ ಇದೂ ಒಂದು: ವ್ಯಸನದಿಂದ ಬಿಡಿಸಿಕೊಳ್ಳಲು ಒಬ್ಬರಿಗೊಬ್ಬರು ಆಸರೆಯಾಗುವವರ ಸಭೆಯಲ್ಲಿ ಕೂತು ಬಂದು ವರದಿ ಬರೆಯಬೇಕು. ಬೇಡವೆಂದರೂ ತಿನ್ನುವುದನ್ನು ನಿಲ್ಲಿಸಲಾಗದವರ ಇಂಥ ಕೂಟವೇ ಓವರ್‌ಈಟರ್ಸ್ ಅನಾನಿಮಸ್. 1960ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದನ್ನು ಹುಟ್ಟುಹಾಕಿದವರಲ್ಲಿ ಮುಖ್ಯರು ರೋಝಾನ್ ಎಸ್. ಅದಕ್ಕೂ ಮೊದಲು, 1958ರಲ್ಲಿ, ಜೂಜಿನ ಚಟವಿದ್ದ ಗೆಳೆಯನ ಜೊತೆ ಅವರು ಜೂಜು ಬಿಡಬಯಸುವವರ ಇಂಥದೇ ಸಭೆಗೆ ಹೋಗಿದ್ದರು. ಅಲ್ಲಿನವರು ಜೂಜಿನ ಬಗ್ಗೆ ಹೇಳಿಕೊಂಡದ್ದೆಲ್ಲ ಊಟದ ವಿಷಯದಲ್ಲಿ ತಮಗೇ ಅನ್ವಯಿಸುತ್ತದೆ ಎಂದು ಅವರಿಗೆ ಅಲ್ಲೇ ಹೊಳೆಯಿತು.

ಸಭೆಗಳಲ್ಲಿ ‘ಓಪನ್’, ‘ಕ್ಲೋಸ್ಡ್’ ಎಂದು ಎರಡು ಬಗೆ. ನೋಡಲು ಬರುವವರಿಗೆ ಓಪನ್ ಮಾತ್ರ. ಮೊದಲೇ ವಿಚಾರಿಸಿ, ಹತ್ತು ನಿಮಿಷ ಮುಂಚೆ ಹೋಗಿ, ನಡೆಸುವವರಿಗೆ ‘ನಾನು ವಿದ್ಯಾರ್ಥಿ’ ಎಂದು ತಿಳಿಸಿ. ಹೆಸರು ಹೇಳಿದರೆ ಸಾಕು, ಮನೆತನದ ಹೆಸರು ಬೇಡ. ಫೋನ್ ಆಫ್ ಇರಲಿ. ನೋಟ್‌ಬುಕ್ ಚೀಲದಿಂದ ಹೊರಗೆ ಬರುವುದೇ ಬೇಡ.

ಡಾಕ್ಟರಾಗಲಿ ಕೌನ್ಸೆಲರ್ ಆಗಲಿ ಸಭೆ ನಡೆಸುವುದಿಲ್ಲ, ಸದಸ್ಯರೇ ಸರದಿಯಂತೆ ನಡೆಸುತ್ತಾರೆ. ತೂಕ ನೋಡುವುದಿಲ್ಲ, ಡಯಟ್ ಚಾರ್ಟ್ ಕೊಡುವುದಿಲ್ಲ. ಕುಡಿತ ಬಿಡುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನಿಂದ ಬಂದ, ಚಟದಿಂದ ಹೊರಬರುವ ಹನ್ನೆರಡು ಹೆಜ್ಜೆಗಳನ್ನು ಓದಿ, ಒಬ್ಬೊಬ್ಬರೂ ಕೆಲವು ನಿಮಿಷ ತಮ್ಮ ಅನುಭವ ಹೇಳಿಕೊಳ್ಳುತ್ತಾರೆ. ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ, ಆಮೇಲೂ ಸಲಹೆ ಕೊಡುವುದಿಲ್ಲ. ಹೊಸಬರಿಗೆ ಇದು ನಿರ್ದಯವಾಗಿ ಕಾಣಬಹುದು. ಆದರೆ ‘ಸ್ವಲ್ಪ ಬಾಯಿ ಕಟ್ಟು’ ಎಂಬ ಮಾತನ್ನು ಮನೆಯಲ್ಲೂ ಮದುವೆ ಪಂಕ್ತಿಯಲ್ಲೂ ಕೇಳಿ ನೊಂದವರಿಗೆ, ಯಾರೂ ತಿದ್ದಲು ಬಾರದ ಆ ಕೆಲವು ನಿಮಿಷಗಳು ಎಷ್ಟು ದೊಡ್ಡವು! ಕದ್ದು ತಿಂದದ್ದನ್ನು, ತಿಂದು ಅತ್ತದ್ದನ್ನು ಅವರು ಬಾಯಿಬಿಟ್ಟು ಹೇಳಲು ಸಾಧ್ಯವಾಗುವುದು ಈ ನಿಯಮದಿಂದಲೇ ಎಂದು ನನ್ನ ನಂಬಿಕೆ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು.

ಶುಲ್ಕವಿಲ್ಲ. ಕಾಣಿಕೆಯ ಬುಟ್ಟಿ ಸುತ್ತು ಬಂದರೂ ನೀವು ಹಾಕಬೇಕಾಗಿಲ್ಲ. ಕೊನೆಯಲ್ಲಿ ಪ್ರಾರ್ಥನೆ ಇರುತ್ತದೆ, ಮೌನವಾಗಿ ನಿಂತರೂ ನಡೆಯುತ್ತದೆ. ತಿಂಡಿ ಒಯ್ಯಬೇಡಿ, ತಿನಿಸುಗಳ ಹೆಸರೆತ್ತಿ ಮಾತಾಡಬೇಡಿ. ಮೈಕಟ್ಟು ನೋಡಿ ಯಾರನ್ನೂ ಅಳೆಯಬೇಡಿ: ಉಪವಾಸ ಬಿದ್ದು ಸೊರಗಿದವರೂ, ತಿಂದದ್ದನ್ನು ವಾಂತಿ ಮಾಡಿಕೊಳ್ಳುವವರೂ ಅಲ್ಲಿರುತ್ತಾರೆ.

ವರದಿಯಲ್ಲಿ ಸಭೆ ಹೇಗೆ ನಡೆಯುತ್ತದೆ ಎಂಬುದನ್ನೂ ನಿಮ್ಮ ಮನಸ್ಸಿಗೆ ತಟ್ಟಿದ್ದನ್ನೂ ಬರೆಯಿರಿ. ಯಾರ ಕಥೆಯನ್ನೂ, ಹೆಸರು ಬದಲಿಸಿ ಕೂಡ, ಬರೆಯಬೇಡಿ. ನಾಳೆ ಕ್ಯಾಂಪಸ್ಸಿನಲ್ಲಿ ಅವರಲ್ಲೊಬ್ಬರು ಎದುರಾದರೆ, ಮೊದಲು ಅವರೇ ಮಾತಾಡಿಸಲಿ.

ಕೇಳುತ್ತ ಕೇಳುತ್ತ ‘ಇದು ನನ್ನದೇ ಪಾಡು’ ಅನ್ನಿಸಿದರೆ? ಮುಂದಿನ ವಾರ ವಿದ್ಯಾರ್ಥಿಯಾಗಿ ಅಲ್ಲ, ಸದಸ್ಯರಾಗಿ ಹೋಗಿ. ಅತಿಯಾಗಿ ತಿನ್ನುವ ಚಟ ಬಿಡಬೇಕೆಂಬ ಆಸೆಯೊಂದೇ ಅಲ್ಲಿ ಬೇಕಾದ ಅರ್ಹತೆ. ಜೊತೆಗೆ ವೈದ್ಯರನ್ನೂ ಕಾಣಿ. ಅಂಕೆಮೀರಿ ತಿನ್ನುವುದನ್ನು 2013ರಲ್ಲೇ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿದ್ದಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ಭಾರತದಲ್ಲಿರುವವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.